ಸೋಮವಾರ ಮಾತ್ರ ಕರಕಾಗುತ್ತಿದ್ದ ಹೂವು

ಚೆಂಡುಹೂವಿನ ವಾಸನೆ ಬಂದರೆ ನನಗೆ ಈಗಲೂ ಸುಸ್ತಾಗುತ್ತದೆ. ಆಯುಧಪೂಜೆಯ ದಿನ ಸ್ಕೂಟರಿಗೆ ಹಾರ ಹಾಕುವಾಗಲೂ ಮುಖ ಆಚೆ ತಿರುಗಿಸಿಕೊಂಡೇ ಹಾಕುತ್ತೇನೆ. ಮನೆಯವರು ನಗುತ್ತಾರೆ. ನಗಲಿ ಬಿಡಿ. ಆ ಹೂವನ್ನು ಲೋಡುಗಟ್ಟಲೆ ಹುಳಿ ಬರಿಸಿ ಒಣಗಿಸುವ ಜಾಗದಲ್ಲಿ ಎರಡು ವರ್ಷ ಹೋಗಿಬಂದು ಕೀಲಿಮಣೆ ಕುಟ್ಟಿದವಳಿಗೆ ಅದು ದೇವರ ಹೂವಾಗಿ ಉಳಿದಿಲ್ಲ.

ಎರಡು ಸಾವಿರದ ಇಸವಿ ದಾಟಿದ ಹೊಸದು. ನಾನು ತಿ. ನರಸೀಪುರದಲ್ಲಿ ಅಮ್ಮನ ಜೊತೆ ಇದ್ದೆ. ಕೆಲಸ ನಂಜನಗೂಡಿನಲ್ಲಿ. ಮೈಸೂರಿನಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿದ್ದೇ ತಡ, ಬೀದಿಯವರೆಲ್ಲ ನನ್ನನ್ನು ದೊಡ್ಡ ಇಂಜಿನಿಯರು ಮಾಡಿಬಿಟ್ಟಿದ್ದರು. ನಿಜಕ್ಕೂ ನಾನಿದ್ದದ್ದು ಒಂದು ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿ. ಒಂದೇ ರೂಮು, ಎರಡು ಕಂಪ್ಯೂಟರು, ಒಂದು ಫ್ಯಾನು. ಇಂಡಸ್ಟ್ರಿಯಲ್ ಏರಿಯಾದ ಸಣ್ಣಪುಟ್ಟ ಕಾರ್ಖಾನೆಗಳಿಗೆ ಪ್ರೋಗ್ರಾಂ ಬರೆದುಕೊಡುವುದು ನಮ್ಮ ಕಸುಬು. ಹೋಗಿ ಕೆಲಸ ಒಪ್ಪಿಕೊಂಡು ಬರುತ್ತಿದ್ದವರು ನನಗೆ ಸಂಬಳ ಕೊಡುತ್ತಿದ್ದ ನಮ್ಮ ಯಜಮಾನರು. ಬರೆಯುತ್ತಿದ್ದವಳು ನಾನು. ಆಮೇಲೆ ಬೈಸಿಕೊಳ್ಳುತ್ತಿದ್ದವಳೂ ನಾನೇ.

ನರಸೀಪುರದಿಂದ ಎಂಟು ಗಂಟೆಗೆ ಒಂದು ಖಾಸಗಿ ಬಸ್ಸು. ಕೈ ಅಡ್ಡ ಹಾಕಿದವರಿಗೆಲ್ಲ ನಿಲ್ಲಿಸುತ್ತಿತ್ತು. ಕೈ ಹಾಕದವರಿಗೂ ನಿಲ್ಲಿಸಿ, ಬರ್ತೀರಾ ಅಂತ ಕೇಳುತ್ತಿತ್ತು. ಮಜ್ಜಿಗೆ ಕ್ಯಾನು, ಸೊಪ್ಪಿನ ಮಂಕರಿ, ಶಾಲೆ ಮಕ್ಕಳು, ಇವರೆಲ್ಲರ ನಡುವೆ ಒಂದೂವರೆ ಗಂಟೆ ಒಂಟಿ ಕಾಲಲ್ಲಿ ನಿಂತು ನಾನು ನಂಜನಗೂಡು ಸೇರುವ ಹೊತ್ತಿಗೆ ಒಂಬತ್ತೂವರೆ. ಕೆಲಸ ಶುರುವಾಗುವ ಮೊದಲೇ ಅರ್ಧ ಜೀವ ಹೋಗಿರುತ್ತಿತ್ತು. ಈ ಒಂಬತ್ತೂವರೆಯನ್ನು ನೆನಪಿಟ್ಟುಕೊಳ್ಳಿ, ಮುಂದಿನ ರಗಳೆಗೆಲ್ಲ ಅದೂ ಒಂದು ಕಾರಣ.

ಆ ಹೂವಿನ ಕಾರ್ಖಾನೆ ಊರಾಚೆ ಇತ್ತು. ಚಿಕ್ಕಯ್ಯನಛತ್ರ, ಕವಲಂದೆ ಕಡೆಯ ರೈತರು ಬೆಳೆದ ಚೆಂಡುಹೂವು ಲಾರಿಯಲ್ಲಿ ಬರುತ್ತಿತ್ತು. ಅದನ್ನು ಗುಂಡಿಗೆ ತುಂಬಿ ತುಳಿದು, ವಾರಗಟ್ಟಲೆ ಹುಳಿ ಬರಿಸಿ, ಆಮೇಲೆ ಬಿಸಿಗಾಳಿಯ ಡ್ರೈಯರಿನಲ್ಲಿ ಒಣಗಿಸಿ ಚೀಲಕ್ಕೆ ತುಂಬುವುದು. ಅಲ್ಲಿಂದ ಅದು ಎಲ್ಲಿಗೋ ಹೋಗಿ ಪುಡಿಯಾಗಿ ಕೋಳಿಗಳ ಹೊಟ್ಟೆ ಸೇರುತ್ತದಂತೆ, ಮೊಟ್ಟೆಯ ಹಳದಿ ಇನ್ನೂ ಹಳದಿಯಾಗಲಿ ಅಂತ. ಇಷ್ಟು ಕಷ್ಟ ಯಾಕಪ್ಪಾ ಒಂದು ಮೊಟ್ಟೆಗೆ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ನನ್ನ ಪ್ರೋಗ್ರಾಮಿನ ಕೆಲಸ ಸುಲಭದ್ದು. ಡ್ರೈಯರಿಗೆ ಹೊಸ ಲೋಡು ತುಂಬಿ ಗುಂಡಿ ಒತ್ತಿದಾಗ, ಹಿಂದಿನ ಲೋಡು ಇಳಿಸಿ ಎಷ್ಟು ನಿಮಿಷವಾಯಿತು ಅಂತ ಅದು ಲೆಕ್ಕ ಹಾಕುತ್ತದೆ. ಈಗಷ್ಟೇ ಇಳಿಸಿದ್ದರೆ ಡ್ರೈಯರು ಇನ್ನೂ ಬಿಸಿಯಾಗಿರುತ್ತದೆ, ಉರಿ ಕಡಿಮೆ ಸಾಕು. ಖಾಲಿ ಬಿದ್ದು ಬಹಳ ಹೊತ್ತಾಗಿದ್ದರೆ ಆರಿರುತ್ತದೆ, ಉರಿ ಜಾಸ್ತಿ ಬೇಕು. ಎಷ್ಟು ಹೊತ್ತಿಗೆ ಎಷ್ಟು ಉರಿ ಅಂತ ಪ್ರೋಗ್ರಾಮಿನೊಳಗೆ ಒಂದು ಪಟ್ಟಿ ಮಾಡಿ ಇಟ್ಟಿದ್ದೆ. ಅಷ್ಟೇ. ಜೊತೆಗೆ ಲೋಡು ಹಾಕಿದ ಹೊತ್ತನ್ನು ಒಂದು ಚೀಟಿಯಲ್ಲಿ ಅಚ್ಚು ಹಾಕಿ ಕೊಡುತ್ತಿತ್ತು. ಆ ಚೀಟಿಗಳನ್ನೆಲ್ಲ ಒಂದು ದಾರಕ್ಕೆ ಪೋಣಿಸಿ ಮಾಲೀಕರಿಗೆ ತೋರಿಸಲು ಇಡುತ್ತಿದ್ದರು.

ಡ್ರೈಯರು ನೋಡಿಕೊಳ್ಳುತ್ತಿದ್ದವರು ಕವಲಂದೆ ಹತ್ತಿರದ ಹಳ್ಳಿಯವರು. ಐವತ್ತು ದಾಟಿತ್ತು. ಸಣ್ಣ ಆಳು, ಮಾತು ಕಡಿಮೆ. ಹೂವನ್ನು ಅಂಗೈಯಲ್ಲಿ ಹಿಚುಕಿ ನೋಡಿ ಎಷ್ಟು ಒದ್ದೆ ಇದೆ ಅಂತ ಹೇಳಿಬಿಡುತ್ತಿದ್ದರು, ಮೀಟರು ಆಮೇಲೆ ಅದನ್ನೇ ಹೇಳುತ್ತಿತ್ತು. ನಾನು ಅವರನ್ನು ಅಣ್ಣಾ ಅನ್ನುತ್ತಿದ್ದೆ. ಅವರು ನನ್ನನ್ನು ಮೇಡಮ್ಮಾ ಅನ್ನುತ್ತಿದ್ದರು, ಒಂದು ವಾರ ಕಳೆದ ಮೇಲೆ ಮಾತಿನ ತುದಿಗೆ ಕಣವ್ವಾ ಸೇರಿಕೊಂಡಿತು. ಕಂಪ್ಯೂಟರು ಮುಟ್ಟಲು ಮೊದಮೊದಲು ಹೆದರುತ್ತಿದ್ದರು. ಆಮೇಲೆ ನನಗಿಂತ ಚೆನ್ನಾಗಿ ಅದರ ಧೂಳು ಒರೆಸಿ ಇಡುತ್ತಿದ್ದರು.

ಹನ್ನೆರಡು ವರ್ಷದಿಂದ ಅವರು ಟೆಂಪರರಿ. ಆ ವರ್ಷ ಮೂವರನ್ನು ಖಾಯಂ ಮಾಡುವುದಾಗಿ ಮಾಲೀಕರು ಒಪ್ಪಿದ್ದರು, ಪಟ್ಟಿಯಲ್ಲಿ ಮೊದಲ ಹೆಸರು ಇವರದು. ಖಾಯಂ ಆದರೆ ಆಸ್ಪತ್ರೆ ಕಾರ್ಡು ಬರುತ್ತದೆ. ಅವರ ಹೆಂಡತಿಗೆ ಎರಡೂ ಮಂಡಿ ಹೋಗಿತ್ತು, ಗೋಡೆ ಹಿಡಿದುಕೊಂಡು ಹಿತ್ತಲಿಗೆ ಹೋಗುವ ಸ್ಥಿತಿ. ಕಾರ್ಡು ಬಂದ ಮಾರನೆಯ ದಿನವೇ ಆಪರೇಷನ್ನಿಗೆ ಸೇರಿಸುವುದು ಅಂತ ತೀರ್ಮಾನ ಮಾಡಿಕೊಂಡಿದ್ದರು. ತುಂಬಿದ ಅರ್ಜಿ ಪ್ಲಾಸ್ಟಿಕ್ ಕವರಿನಲ್ಲಿ ಅವರ ಅಂಗಿಯ ಜೇಬಲ್ಲೇ ಇರುತ್ತಿತ್ತು. ನನ್ನ ಹತ್ತಿರ ಎರಡು ಸಲ ಓದಿಸಿದ್ದರು, ಏನಾದರೂ ತಪ್ಪಿದೆಯೇನೋ ನೋಡಿ ಅಂತ.

ಆಗ ಶುರುವಾಯಿತು ಹೂವು ಕರಕಾಗುವುದು.

ಒಂದೂವರೆ ತಿಂಗಳಲ್ಲಿ ಮೂರು ಲೋಡು. ಬಂಗಾರದ ಬಣ್ಣಕ್ಕೆ ಬರಬೇಕಾದದ್ದು ಕಾಫಿಪುಡಿಯ ಹಾಗೆ ಆಗಿ ಈಚೆ ಬಂತು. ಮೂರನೆಯ ಸಲ ಡ್ರೈಯರಿನೊಳಗೆ ಹೊಗೆಯೇ ಎದ್ದು, ಪೈಪು ತಂದು ನೀರು ಬಿಟ್ಟರು. ಮ್ಯಾನೇಜರು ಒಂದೇ ಉಸಿರಿಗೆ ಇಬ್ಬರ ತಲೆಯ ಮೇಲೂ ಗೂಬೆ ಕೂರಿಸಿದರು. ಒಂದೋ ನಿಮ್ಮ ಪ್ರೋಗ್ರಾಮು ಕೆಟ್ಟಿದೆ, ಇಲ್ಲ ಅವನು ಲೋಡು ಹಾಕಿ ಮಲಗಿಬಿಡುತ್ತಾನೆ, ಎರಡರಲ್ಲಿ ಒಂದು ಹೇಳಿ ಅಂದರು. ನಾನು ಬಾಯಿ ತೆರೆಯುವ ಮೊದಲೇ ಅವರೇ ದನಿ ತಗ್ಗಿಸಿ, "ಕುಡಿದು ಬಂದಿರ್ತಾನೆ ಕಣ್ರೀ, ಇವರ ಹಣೇಬರಹ ನಂಗೊತ್ತಿಲ್ವಾ" ಅಂದರು. ಆ ಮನುಷ್ಯ ಎಲೆ ಅಡಿಕೆ ಕೂಡ ಹಾಕುತ್ತಿರಲಿಲ್ಲ.

ಹತ್ತು ದಿನ ಕಳೆದು ಬರುವ ಸೋಮವಾರ ಹನ್ನೊಂದು ಗಂಟೆಗೆ ಮಾಲೀಕರು ಬೆಂಗಳೂರಿನಿಂದ ಬರುತ್ತಾರೆ, ಅಷ್ಟರೊಳಗೆ ಕಾರಣ ತಿಳಿಯಬೇಕು, ಖಾಯಂ ಪಟ್ಟಿಗೂ ಅವತ್ತೇ ಸಹಿ ಅಂತಾಯಿತು. ನಮ್ಮ ಯಜಮಾನರು ಅದನ್ನು ಕೇಳಿ ಬಂದು ನನಗೆ ಹೇಳಿದ್ದು, ಕಾರಣ ಏನಾದರೂ ಇರಲಿ, ನಮ್ಮ ಪ್ರೋಗ್ರಾಮಿನದಲ್ಲ ಅಂತ ತೋರಿಸಿದರೆ ಸಾಕು ಅಂತ. ಅವತ್ತು ಸಂಜೆ ನಾನು ಡ್ರೈಯರಿನ ಹತ್ತಿರ ಹೋದಾಗ ಅಣ್ಣ ಗೋಣಿಚೀಲ ಮಡಿಸುತ್ತಿದ್ದರು. ಸುತ್ತ ನೋಡಿ, ಯಾರೂ ಇಲ್ಲದ್ದು ಖಾತ್ರಿ ಮಾಡಿಕೊಂಡು ಹತ್ತಿರ ಬಂದರು.

"ನಾನು ನಿದ್ದೆ ಮಾಡ್ನಿಲ್ಲ ಕಣವ್ವಾ. ಅದೊಂದ ಕಂಡಿಡ್ದು ಯೇಳ್ಬುಡಿ. ಇನ್ನೇನೂ ಬ್ಯಾಡ."

ಹೇಳ್ತೀನಿ ಅಂದೆ. ದೊಡ್ಡ ಮನುಷ್ಯಳ ಹಾಗೆ ಹೇಳ್ತೀನಿ ಅಂದೆ.

ತಪ್ಪು ಹುಡುಕಲು ಬಳಸುವ ಡಿಬಗರ್ ಅಂದರೆ ಏನು ಅಂತ ಅಮ್ಮ ಆಗ ಕೇಳಿದ್ದಳು. ಇನ್ನೊಂದು ಪ್ರೋಗ್ರಾಮನ್ನು ಬೇಕಾದ ಕಡೆ ಹಿಡಿದು ನಿಲ್ಲಿಸಿ, ನೀನು ಈಗ ಏನು ಮಾಡ್ತಿದ್ದೀಯಾ, ನಿನ್ನ ಕೈಯಲ್ಲಿ ಏನಿದೆ ತೋರಿಸು ಅಂತ ಕೇಳುವ ಪ್ರೋಗ್ರಾಮು ಅಂದಿದ್ದೆ. ಪೊಲೀಸಿನವನ ಹಾಗೆ ಅನ್ನು ಅಂದಳು. ಹೂಂ, ಹಾಗೇ. ಆದರೆ ನನ್ನ ಡಿಬಗರಿನಲ್ಲಿ ಚಿತ್ರ ಇಲ್ಲ, ಬಣ್ಣ ಇಲ್ಲ, ಮೌಸಿಗೆ ಕೆಲಸವಿಲ್ಲ. ಕಪ್ಪು ಪರದೆ, ಎಡಗಡೆ ಮೂರಕ್ಷರದ ಒಂದು ಗುರುತು, ಅದರ ಮುಂದೆ ಮಿಣುಕುವ ಚೌಕ. ನಾವು ಬ್ರೇಕ್ ಅಂತ ಟೈಪು ಮಾಡಿ ಸಾಲಿನ ನಂಬರು ಕೊಟ್ಟರೆ ಅಲ್ಲಿ ನಿಲ್ಲುತ್ತದೆ. ನೆಕ್ಸ್ಟ್ ಅಂದರೆ ಒಂದು ಹೆಜ್ಜೆ ಇಡುತ್ತದೆ. ಪ್ರಿಂಟ್ ಅಂತ ಕೇಳಿದರೆ ಬೆಲೆ ಹೇಳುತ್ತದೆ. ಕೇಳಿದ್ದಕ್ಕೆ ಮಾತ್ರ ಉತ್ತರ. ಒಂದು ಅಕ್ಷರ ಹೆಚ್ಚಿಗೆ ಹೇಳುವುದಿಲ್ಲ, ಸುಳ್ಳೂ ಹೇಳುವುದಿಲ್ಲ. ಏನು ಕೇಳಬೇಕು ಅಂತ ಗೊತ್ತಿಲ್ಲದವಳು ಅದರ ಮುಂದೆ ದಿನಗಟ್ಟಲೆ ಕೂತರೂ ಅಷ್ಟೆ.

ನಾನು ಕೂತೆ. ಬಸ್ಸಿನಲ್ಲಿ ನಿಂತುಕೊಂಡೇ ಪ್ರೋಗ್ರಾಮಿನ ಕಾಗದ ಓದುತ್ತಾ ಹೋಗುವುದು, ಕಾರ್ಖಾನೆಯ ಮೂಲೆ ರೂಮಿನಲ್ಲಿ ಡ್ರೈಯರಿನ ಕಂಪ್ಯೂಟರಿಗೆ ತಂತಿ ಎಳೆದು ಇಟ್ಟಿದ್ದ ಇನ್ನೊಂದು ಪರದೆಯ ಮುಂದೆ ಕೂರುವುದು, ಲೋಡು ಹತ್ತಿದ ಕೂಡಲೇ ನಿಲ್ಲಿಸಿ ಒಂದೊಂದೇ ಹೆಜ್ಜೆ ನಡೆಸುವುದು. ಖಾಲಿ ಇದ್ದದ್ದು ಇಪ್ಪತ್ತೈದು ನಿಮಿಷ, ಉರಿ ಇಷ್ಟು, ಸರಿ. ಖಾಲಿ ಇದ್ದದ್ದು ನಲವತ್ತು ನಿಮಿಷ, ಉರಿ ಇಷ್ಟು, ಸರಿ. ನಾನು ಬಂದ ಮೇಲೆ ದಿನಕ್ಕೆ ಮೂರು ಲೋಡು, ಮೂರೂ ಸರಿ. ಡಾಕ್ಟರ ಮುಂದೆ ಕೂತ ತಕ್ಷಣ ನಿಂತುಹೋಗುವ ಹಲ್ಲುನೋವಿನ ಹಾಗೆ ಆ ಹಾಳಾದ ತಪ್ಪು ನಾನಿದ್ದಾಗ ತಲೆಯೇ ಎತ್ತುತ್ತಿರಲಿಲ್ಲ. ಮ್ಯಾನೇಜರು ಬಾಗಿಲಲ್ಲಿ ತಲೆ ಹಾಕಿ, ಏನಾದ್ರೂ ಸಿಕ್ತಾ ಅಂತ ಕೇಳುವರು. ನಾನು ಇಲ್ಲ ಅನ್ನುವೆನು. ಹಾಗಾದರೆ ಅವನದೇ ಅನ್ನುವ ಮುಖ ಮಾಡಿ ಅವರು ಹೋಗುವರು. ಆ ವಾರ ನನಗೆ ಊಟ ಸೇರಲಿಲ್ಲ. ಕಣ್ಣು ಮುಚ್ಚಿದರೂ ಆ ಚೌಕ ಮಿಣುಕುತ್ತಿತ್ತು.

ಶುಕ್ರವಾರ, ಏನೂ ತೋಚದೆ, ಕೆಟ್ಟ ಮೂರು ಲೋಡಿನ ದಿನಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆ. ಮೂರೂ ಸೋಮವಾರ. ಮೂರೂ ದಿನದ ಮೊದಲ ಲೋಡು, ದಿನಾ ಬೆಳಗ್ಗೆ ಎಂಟರ ಸುಮಾರಿಗೆ ಹಾಕುವಂಥದ್ದು. ನಾನು ಬಸ್ಸಿನಲ್ಲಿ ಒಂಟಿ ಕಾಲಲ್ಲಿ ನಿಂತಿರುತ್ತಿದ್ದ ಹೊತ್ತು! ನನಗೆ ನಗುವೂ ಬಂತು, ಅಳುವೂ ಬಂತು. ಆದರೆ ಎಲ್ಲ ಸೋಮವಾರವೂ ಕೆಟ್ಟಿರಲಿಲ್ಲ. ಹೂವು ಜಾಸ್ತಿ ಬಂದು ಭಾನುವಾರ ರಾತ್ರಿಯೂ ಪಾಳಿ ನಡೆಸಿದ್ದ ವಾರಗಳಲ್ಲಿ ಮಾತ್ರ ಕೆಟ್ಟಿತ್ತು. ಮೂರೂ ಸೋಮವಾರ ಅನ್ನುವುದರಿಂದ ಮ್ಯಾನೇಜರ ವಾದಕ್ಕೆ ಬಲ ಬಂದಂತಾಯಿತು, ಭಾನುವಾರದ ಮಾರನೆಯ ದಿನ ತಾನೇ ಅಮಲು ಇಳಿಯುವುದು. ನಾನು ಆ ಕ್ಯಾಲೆಂಡರನ್ನು ಯಾರಿಗೂ ತೋರಿಸಲಿಲ್ಲ. ಆ ವಾರವೂ ಭಾನುವಾರ ಪಾಳಿ ಇತ್ತು.

ಭಾನುವಾರ ಸಂಜೆಯೇ ಬಂದು ನಂಜನಗೂಡಿನಲ್ಲಿ ಚಿಕ್ಕಮ್ಮನ ಮನೆಯಲ್ಲಿ ಉಳಿದುಕೊಂಡೆ. ಮದುವೆ ವಯಸ್ಸಿನ ಹುಡುಗಿ ಯಾವುದೋ ಹೂವಿನ ಒಲೆ ಕಾಯಲು ಹೋಗುತ್ತಾಳಂತೆ ಅಂತ ಚಿಕ್ಕಮ್ಮ ಗೊಣಗುತ್ತಲೇ ಬೆಳಗ್ಗೆ ಆರಕ್ಕೆ ಉಪ್ಪಿಟ್ಟು ಮಾಡಿಕೊಟ್ಟಳು. ಏಳು ಗಂಟೆಗೆಲ್ಲ ನಾನು ಮೂಲೆ ರೂಮಿನಲ್ಲಿದ್ದೆ. ಈ ಸಲ ಒಂದು ಷರತ್ತು ಹಾಕಿ ಬ್ರೇಕ್ ಇಟ್ಟೆ. ಉರಿ ಇಂತಿಷ್ಟನ್ನು ಮೀರಿದರೆ ಮಾತ್ರ ನಿಲ್ಲು, ಉರಿ ಕೊಡುವ ಬರ್ನರಿಗೆ ಹೇಳುವ ಮೊದಲೇ ನಿಲ್ಲು. ಆಮೇಲೆ ಕೈಕಟ್ಟಿ ಕಾದೆ. ರಾತ್ರಿಯ ಲೋಡು ಇಳಿಸುವ ಸದ್ದು ಕೇಳಿತು. ಹೊಸ ಹೂವು ತುಂಬುವ ಸದ್ದು ಕೇಳಿತು. ನನ್ನ ಕೈಗಡಿಯಾರದಲ್ಲಿ ಎಂಟು ಐದು ಆದಾಗ ಪರದೆಯ ಮೇಲೆ ಒಂದು ಸಾಲು ಬಂದು ನಿಂತಿತು. ಸಿಕ್ಕಿಬಿತ್ತು.

ಕೇಳಲು ಶುರು ಮಾಡಿದೆ. ಉರಿ ಎಷ್ಟು? ಕುಲುಮೆಗೂ ಜಾಸ್ತಿ ಅನ್ನುವಂಥ ಒಂದು ಸಂಖ್ಯೆ. ಎಲ್ಲಿಂದ ಬಂತು? ಹಿಂದಿನ ಲೋಡು ಇಳಿದದ್ದು ಯಾವಾಗ? ಏಳು ನಲವತ್ತೆರಡು. ಈ ಲೋಡು ಹತ್ತಿದ್ದು ಯಾವಾಗ? ಏಳು ಇಪ್ಪತ್ತು. ಖಾಲಿ ಇದ್ದ ಹೊತ್ತು? ಮೈನಸ್ ಇಪ್ಪತ್ತೆರಡು ನಿಮಿಷ.

ಮತ್ತೆ ಕೇಳಿದೆ. ಮೈನಸ್ ಇಪ್ಪತ್ತೆರಡು. ಒಂದು ಲೋಡು ಇಳಿಯುವ ಮೊದಲೇ ಅದೇ ಡ್ರೈಯರಿಗೆ ಇನ್ನೊಂದು ಲೋಡು ಹತ್ತಿದೆ! ನನ್ನ ಪಟ್ಟಿಯಲ್ಲಿ ಹತ್ತು ನಿಮಿಷಕ್ಕೊಂದರಂತೆ ಸಾಲಾಗಿ ಮನೆಗಳಿದ್ದವು. ಪ್ರೋಗ್ರಾಮು ಪಾಪ ಮೊದಲ ಮನೆಗಿಂತ ಎರಡು ಮನೆ ಹಿಂದಕ್ಕೆ ಹೋಗಿ, ಅಲ್ಲಿ ನನ್ನ ಪಟ್ಟಿಯೇ ಇಲ್ಲದಿದ್ದರೂ, ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಬಂದಿತ್ತು. ಅಲ್ಲಿ ಇದ್ದದ್ದು ಬೇರೆ ಲೆಕ್ಕಕ್ಕೆ ನಾನು ಇಟ್ಟಿದ್ದ ಹೂವಿನ ತೂಕ. ತೂಕವನ್ನೇ ಉರಿ ಅಂತ ಓದಿಕೊಂಡು ಬರ್ನರನ್ನು ಪೂರ್ತಿ ತೆಗೆಯುತ್ತಿತ್ತು. ಪಟ್ಟಿಯ ಆಚೆ ತುದಿ ದಾಟಿದರೆ ಏನು ಮಾಡಬೇಕು ಅಂತ ನಾನು ಬರೆದಿದ್ದೆ. ಈಚೆ ತುದಿಗೆ ಬರೆದಿರಲಿಲ್ಲ. ಹೊತ್ತು ಹಿಂದಕ್ಕೆ ಹೋಗುತ್ತದೆ ಅಂತ ಯಾರು ಅಂದುಕೊಳ್ಳುತ್ತಾರೆ?

ಖಾಲಿ ಇದ್ದ ಹೊತ್ತು ಇಪ್ಪತ್ತಮೂರು ಅಂತ ನಾನೇ ಕೈಯಾರೆ ತುಂಬಿದೆ. ಡಿಬಗರಿನಲ್ಲಿ ಅದಕ್ಕೂ ದಾರಿಯಿದೆ. ಉರಿ ಸರಿಯಾದ ಅಂಕಿಗೆ ಇಳಿಯಿತು. ಪ್ರೋಗ್ರಾಮನ್ನು ಮುಂದಕ್ಕೆ ಬಿಟ್ಟು ಡ್ರೈಯರಿನ ಹತ್ತಿರ ಓಡಿದೆ.

ಅಣ್ಣ ಕಂಪ್ಯೂಟರಿನ ಮುಂದೆ ನಿಂತು, ತಮ್ಮ ಕೈಗಡಿಯಾರ ನೋಡಿಕೊಂಡು, ಒಂದೊಂದೇ ಕೀಲಿ ಹುಡುಕಿ ಒತ್ತುತ್ತಿದ್ದರು. ಪರದೆಯ ಮೇಲೆ ಆರನೆಯ ನಂಬರಿನ ಮೆನು. ಗಡಿಯಾರ ಸರಿಪಡಿಸುವುದು. ಅದನ್ನು ಮಾಡಿಕೊಟ್ಟವಳು ನಾನೇ. ಆ ಕಂಪ್ಯೂಟರಿನ ಒಳಗಿನ ಬ್ಯಾಟರಿ ಸತ್ತು, ಕರೆಂಟು ಹೋದಾಗಲೆಲ್ಲ ಹೊತ್ತು ಎಲ್ಲೆಲ್ಲಿಗೋ ಹೋಗುತ್ತಿತ್ತು. ನಾನು ನರಸೀಪುರದಿಂದ ಬರುವ ತನಕ ಕಾಯುವುದು ಬೇಡ ಅಂತ ಅವರಿಗೆ ಕಲಿಸಿಕೊಟ್ಟಿದ್ದೆ.

ಯಾಕೆ ಅಂತ ಕೇಳಿದ್ದಕ್ಕೆ ಅವರು ಮುಚ್ಚುಮರೆ ಮಾಡಲಿಲ್ಲ. ಸೋಮವಾರ ಏಳೂವರೆಯಿಂದ ಒಂಬತ್ತರವರೆಗೆ ರಾಹುಕಾಲ. ಹಿಂದೊಮ್ಮೆ ಮಾಲೀಕರು ಚೀಟಿಗಳನ್ನು ನೋಡುತ್ತಾ ಸೋಮವಾರ ಎಂಟು ಹತ್ತಕ್ಕೆ ಒಲೆ ಹಚ್ಚಿದ್ದು ಕಂಡು, ವಾರದ ಮೊದಲ ಬೆಂಕಿಯನ್ನೇ ರಾಹುಕಾಲದಲ್ಲಿ ಹಚ್ಚುತ್ತೀಯಾ ಅಂತ ಎಲ್ಲರ ಎದುರು ಇವರಿಗೆ ಉಗಿದಿದ್ದರು. ಒಂಬತ್ತರ ತನಕ ಕಾಯೋಣವೆಂದರೆ ಮ್ಯಾನೇಜರು ಬಿಡರು, ದಿನಕ್ಕೆ ನಾಲ್ಕು ಲೋಡು ಆಗಲೇಬೇಕು. ಏನಾದರೂ ಮಾಡ್ಕೊ, ಚೀಟಿಯಲ್ಲಿ ಮಾತ್ರ ಹೊತ್ತು ಸರಿಯಾಗಿರಲಿ ಅಂತ ಹೇಳಿ ಅವರು ಕೈ ತೊಳೆದುಕೊಂಡಿದ್ದರು. ಹಾಗಾಗಿ ಸೋಮವಾರ ಇವರು ಗಡಿಯಾರವನ್ನು ಏಳು ಇಪ್ಪತ್ತಕ್ಕೆ ತಿರುಗಿಸಿ, ಲೋಡು ಹಾಕಿ, ಚೀಟಿ ಬಂದ ಮೇಲೆ ಮತ್ತೆ ಸರಿ ಮಾಡುತ್ತಿದ್ದರು. ಭಾನುವಾರ ರಜೆ ಇದ್ದರೆ ಹಿಂದಿನ ಲೋಡು ಶನಿವಾರದ್ದು, ಏನೂ ಆಗುತ್ತಿರಲಿಲ್ಲ. ಭಾನುವಾರ ರಾತ್ರಿ ಪಾಳಿ ನಡೆದಿದ್ದರೆ ಕಥೆ ಮುಗಿಯಿತು.

"ನಾನೇನು ರಾವುಕಾಲ ಗೀವುಕಾಲ ನಂಬಾಕಿಲ್ಲ ಕಣವ್ವಾ. ನಮ್ಮನೇಲಿರೋದು ಬುದ್ಧನ ಪಟ. ಅವ್ರು ನಂಬ್ತಾರಲ್ಲ, ಅದ್ಕೆ."

ಅಷ್ಟು ಹೊತ್ತಿಗೆ ಲೋಡು ತಿರುಗಿಸುವ ಹೊತ್ತಾಯಿತು. ಅವರು ಕಿಂಡಿ ತೆಗೆದು ಒಂದು ಹಿಡಿ ಹೂವು ಈಚೆ ತಂದು ನನ್ನ ಕೈಗೆ ಹಾಕಿದರು. ಬೆಚ್ಚಗೆ, ಬಂಗಾರದ ಬಣ್ಣ. ಇವತ್ತು ಕೆಡಲಿಲ್ಲ ಅಂತ ಅವರಿಗೆ ಸಮಾಧಾನ. ತಪ್ಪು ಸಿಕ್ಕಿತು ಅಂದೆ. ಜೇಬಿನ ಮೇಲಿನಿಂದಲೇ ಅರ್ಜಿಯ ಕವರನ್ನು ಒಮ್ಮೆ ಒತ್ತಿಕೊಂಡರು.

ಹನ್ನೊಂದು ಗಂಟೆಯ ತನಕ ನನಗೆ ಪುರುಸೊತ್ತಿತ್ತು. ಯೋಚನೆ ಮಾಡಬೇಕಾದ ಹೊತ್ತು ಅದು. ನಾನು ಮಾಡಿದ್ದೇನು ಅಂದರೆ, ಡಿಬಗರಿನ ಪರದೆಯ ಮೇಲಿದ್ದದ್ದನ್ನು ಅಚ್ಚು ಹಾಕಿ, ಏಳು ನಲವತ್ತೆರಡು, ಏಳು ಇಪ್ಪತ್ತು ಅನ್ನುವ ಎರಡು ಸಾಲಿನ ಕೆಳಗೆ ಕೆಂಪು ಗೆರೆ ಎಳೆದೆ. ಹತ್ತು ದಿನ ಎಲ್ಲರ ಬಾಯಲ್ಲೂ ನಿಮ್ಮ ಪ್ರೋಗ್ರಾಮು, ನಿಮ್ಮ ಪ್ರೋಗ್ರಾಮು ಅನ್ನಿಸಿಕೊಂಡು ನನ್ನ ಮೈ ಉರಿದುಹೋಗಿತ್ತು. ಒಂದು ಸಲ, ಒಂದೇ ಒಂದು ಸಲ, ಅದಲ್ಲ ಅಂತ ಅವರ ಮುಖಕ್ಕೆ ಹಿಡಿದು ತೋರಿಸಬೇಕಿತ್ತು ನನಗೆ.

ಮ್ಯಾನೇಜರ ರೂಮಿನಲ್ಲಿ ಮಾಲೀಕರು, ಮ್ಯಾನೇಜರು, ನಮ್ಮ ಯಜಮಾನರು ಕೂತಿದ್ದರು. ಅಣ್ಣನನ್ನು ಬಾಗಿಲ ಹೊರಗೆ ನಿಲ್ಲಿಸಿದ್ದರು. ನಾನು ಕಾಗದ ಮೇಜಿನ ಮೇಲಿಟ್ಟು ಹೇಳಿದೆ: ಲೋಡು ಹಾಕುವಾಗ ಆಪರೇಟರು ಕಂಪ್ಯೂಟರಿನ ಗಡಿಯಾರವನ್ನು ಹಿಂದಕ್ಕೆ ತಿರುಗಿಸಿದ್ದಾರೆ, ಅದರಿಂದ ಹೀಗಾಗಿದೆ. ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ. ಯಾಕೆ ತಿರುಗಿಸಿದ ಅಂತ ಮಾಲೀಕರು ಕೇಳಿದರು. ರಾಹುಕಾಲ ಅಂತ ಅಂದೆ. ಯಾರ ರಾಹುಕಾಲ ಅಂತ ನಾನು ಹೇಳಲಿಲ್ಲ. ಮ್ಯಾನೇಜರು ನನ್ನ ಮುಖವನ್ನೇ ನೋಡುತ್ತಿದ್ದರು, ನಾನು ಅಲ್ಲಿಗೆ ನಿಲ್ಲಿಸಿದ್ದು ಕಂಡು ಅವರ ಭುಜ ಸಡಿಲವಾಯಿತು. ಹಳ್ಳಿ ಜನರ ಮೂಢನಂಬಿಕೆ ನೋಡಿ ಸಾರ್ ಅಂದರು ಅವರೇ. ಮಾಲೀಕರೂ ನಕ್ಕರು. ಬೆರಳಲ್ಲಿ ನವರತ್ನದ ಉಂಗುರ ಹಾಕಿಕೊಂಡು ನಕ್ಕರು. ಹಾಗಾದರೆ ಪ್ರೋಗ್ರಾಮಿನದೇನೂ ಇಲ್ಲ ತಾನೇ ಅಂತ ನಮ್ಮ ಯಜಮಾನರು ಎಲ್ಲರಿಗೂ ಕೇಳುವಂತೆ ನನ್ನನ್ನು ಕೇಳಿದರು.

ನನಗೆ ಆ ಪ್ರಶ್ನೆ ಇನ್ನೂ ಕಿವಿಯಲ್ಲಿದೆ. ಬೆಳಗ್ಗೆಯಷ್ಟೇ ನಾನು ಕೈಯಾರೆ ಒಂದು ಅಂಕಿ ತಿದ್ದಿದ್ದೆ, ಹೂವು ಬಂಗಾರವಾಗಿ ಬಂದಿತ್ತು. ಗಡಿಯಾರ ಹಿಂದೆ ಇದ್ದರೂ ಬಂದಿತ್ತು. ಅದನ್ನು ಹೇಳುವುದಕ್ಕೆ ಎರಡು ವಾಕ್ಯ ಸಾಕಾಗಿತ್ತು. ಸುಸ್ತಾಗಿತ್ತು ಅಂತ ಹೇಳಿಕೊಳ್ಳಬಹುದು. ಹೆದರಿಕೆ ಇತ್ತು ಅಂತಲೂ ಹೇಳಬಹುದು. ಎರಡೂ ನಿಜ. ಆದರೆ ಅದಕ್ಕಿಂತ ನಿಜವಾದದ್ದು, ನನಗೆ ಗೆಲ್ಲಬೇಕಿತ್ತು. ಇಲ್ಲ ಸಾರ್ ಅಂದೆ.

ಅಣ್ಣನನ್ನು ಒಳಗೆ ಕರೆಯಲೇ ಇಲ್ಲ. ಪಟ್ಟಿಯ ಮೊದಲ ಹೆಸರಿನ ಮೇಲೆ ಮಾಲೀಕರ ಪೆನ್ನು ಒಂದು ಗೆರೆ ಎಳೆದದ್ದನ್ನು ನಾನು ನೋಡಿದೆ. ಹೊರಗೆ ಬಂದಾಗ ಅವರು ನನ್ನ ಮುಖ ನೋಡಿದರು, ನಾನು ಚಪ್ಪಲಿ ಹುಡುಕುವವಳ ಹಾಗೆ ಕೆಳಗೆ ನೋಡಿದೆ. ಮಾರನೆಯ ದಿನದಿಂದ ಅವರನ್ನು ಲಾರಿ ಇಳಿಸುವ ಗುಂಪಿಗೆ ಹಾಕಿದರು. ಒಂದು ವಾರ ಚೀಲ ಹೊತ್ತರು. ಆಮೇಲೆ ಬರುವುದನ್ನು ನಿಲ್ಲಿಸಿದರು.

ಆ ಸೋಮವಾರ ಮಧ್ಯಾಹ್ನವೇ, ಊಟಕ್ಕೂ ಹೋಗದೆ, ನಾನು ಪ್ರೋಗ್ರಾಮಿಗೆ ಎರಡು ಸಾಲು ಸೇರಿಸಿದೆ. ಖಾಲಿ ಇದ್ದ ಹೊತ್ತು ಸೊನ್ನೆಗಿಂತ ಕಡಿಮೆ ಬಂದರೆ ಸೊನ್ನೆ ಅಂತಲೇ ತಿಳಿ. ಅಷ್ಟೆ. ಬರೆದು, ಪರೀಕ್ಷೆ ಮಾಡಿ ಮುಗಿಸುವಷ್ಟರಲ್ಲಿ ಪಕ್ಕದಲ್ಲಿಟ್ಟಿದ್ದ ಟೀ ಇನ್ನೂ ಬಿಸಿ ಇತ್ತು. ಯಾರಿಗೂ ಹೇಳಲಿಲ್ಲ. ಮಾರನೆಯ ದಿನ ಹೋಗಿ ಹೇಳಬಹುದಿತ್ತು, ಅದರ ಮಾರನೆಯ ದಿನವೂ ಹೇಳಬಹುದಿತ್ತು. ಬಸ್ಸು ಹತ್ತುವಾಗ ಇವತ್ತು ಹೇಳುತ್ತೇನೆ ಅನ್ನಿಸುವುದು, ಇಳಿಯುವಾಗ ಮುಗಿದದ್ದನ್ನು ಯಾಕೆ ಕೆದಕುವುದು ಅನ್ನಿಸುವುದು. ಒಂದೂವರೆ ಗಂಟೆ ಸಾಕಾಗುತ್ತಿತ್ತು ನನ್ನ ಧೈರ್ಯ ಸೋರಿಹೋಗಲು.

ನಾಲ್ಕು ತಿಂಗಳ ಮೇಲೆ ಒಂದು ಸಂಜೆ ನಂಜನಗೂಡು ಬಸ್‌ಸ್ಟ್ಯಾಂಡಿನಲ್ಲಿ ಅವರು ಸಿಕ್ಕಿದರು. ನಾನು ಕಂಬದ ಮರೆಗೆ ಸರಿದುಕೊಳ್ಳುವ ಮೊದಲೇ ನೋಡಿಬಿಟ್ಟು, ತಾವಾಗಿಯೇ ಬಂದರು. ಇನ್ನೂ ಬಡವಾಗಿದ್ದರು. ಕೈಯಲ್ಲಿ ದೊಡ್ಡ ಎಕ್ಸ್‌ರೇ ಕವರು. ಯಾವುದೋ ರೈಸ್‌ಮಿಲ್ಲಿನಲ್ಲಿ ಮೂಟೆ ಹೊರುತ್ತಿದ್ದಾರಂತೆ. ಹೆಂಡತಿಯನ್ನು ಮೈಸೂರಿನ ದೊಡ್ಡಾಸ್ಪತ್ರೆಗೆ ಮೂರು ಸಲ ಕರೆದುಕೊಂಡು ಹೋಗಿ ಬಂದರಂತೆ, ಆಪರೇಷನ್ನಿಗೆ ಇನ್ನೂ ದಿನ ಕೊಟ್ಟಿಲ್ಲವಂತೆ. ಈಗ ಅವಳು ಹಿತ್ತಲಿಗೂ ಹೋಗುವುದಿಲ್ಲ, ಎತ್ತಿಕೊಂಡೇ ಹೋಗಬೇಕು ಅಂದರು. ದೂರುವ ದನಿಯಲ್ಲಿ ಅಲ್ಲ, ಊರಿನ ಸುದ್ದಿ ಹೇಳುವ ಹಾಗೆ ಹೇಳಿದರು. ಆಮೇಲೆ ನಿಧಾನವಾಗಿ ಕೇಳಿದರು.

"ಸೋಮಾರ ಊವು ಕರಕಾಗದು ನಿಂತೋಯ್ತಂತಲ್ಲ?"

ಹೂಂ ಅಂದೆ.

"ಈಗ ಅಲ್ಲಿರೋನೂ ಗಡಿಯಾರ ಇಂದಕ್ಕೇ ಇಡ್ತಾನಂತೆ. ಮ್ಯಾನೇಜರೇ ಇಡು ಅಂದವ್ರಂತೆ."

ಅವರು ಎಕ್ಸ್‌ರೇ ಕವರನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡರು. ನಾಲ್ಕು ತಿಂಗಳು ಮೂಟೆ ಹೊರುತ್ತಾ ಒಂದೊಂದೇ ಹೆಜ್ಜೆ ಹಿಂದಕ್ಕೆ ನಡೆದು ಯೋಚಿಸಿದ್ದಾರೆ ಅನ್ನುವುದು ಆ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಕಂಪ್ಯೂಟರಿಲ್ಲದೆ, ಪರದೆಯಿಲ್ಲದೆ.

"ಅಂಗಾದ್ರೆ ತಪ್ಪು ಗಡಿಯಾರದ್ದಲ್ಲ ಅಲ್ವಾ ಮೇಡಮ್ಮಾ?"

"ಅಲ್ಲ ಅಣ್ಣಾ," ಅಂದೆ. "ನಂದು."

ಅವರು ತಲೆಯಾಡಿಸಿದರು. ಸಿಟ್ಟು ಮಾಡಿಕೊಳ್ಳಲಿಲ್ಲ. ಮಾಡಿಕೊಂಡಿದ್ದರೆ ನಾನು ಕಾಲಿಗೆ ಬೀಳುತ್ತಿದ್ದೆನೇನೋ, ಅದಕ್ಕೂ ಅವಕಾಶ ಕೊಡಲಿಲ್ಲ.

"ಅವತ್ತು ನಾನು ಬಾಗ್ಲಲ್ಲೇ ನಿಂತಿದ್ನಲ್ಲ ಕಣವ್ವಾ," ಅಂದರು. "ನಂಗೆಲ್ಲಾ ಕೇಳುಸ್ತಿತ್ತು."

ಕವಲಂದೆ ಬಸ್ಸು ಬಂತು. ಜನ ಬಾಗಿಲಿಗೆ ಮುಗಿಬಿದ್ದರು. ಅವರು ಎಕ್ಸ್‌ರೇ ಕವರು ಮಡಚಿಹೋಗದ ಹಾಗೆ ಎರಡು ಕೈಯಲ್ಲೂ ತಲೆಯ ಮೇಲೆ ಎತ್ತಿ ಹಿಡಿದುಕೊಂಡು ಒಳಗೆ ನುಗ್ಗಿದರು. ಬಸ್ಸು ಹೋದ ಮೇಲೂ ನಾನು ಅಲ್ಲೇ ನಿಂತಿದ್ದೆ. ನರಸೀಪುರದ ಬಸ್ಸು ಯಾವಾಗ ಬಂತು, ಯಾವಾಗ ಹೋಯಿತು, ನನಗೆ ಗೊತ್ತಾಗಲಿಲ್ಲ.